ನಿಂತ ಸದ್ದು

2 ಜನವರಿ 2025, ಗುರುವಾರ, ಅಕ್ಕಲಕೋಟೆ

ವಟವೃಕ್ಷ ಗುಡಿಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಪಾಳಿ ಉದ್ದವಿತ್ತು. ರಾತ್ರಿ ತವರಲ್ಲೇ ಉಳಿದೆವು. ಇವರು ಪಡಸಾಲೆಯಲ್ಲಿ ಮಲಗಿದ್ದೇ ತಡ, ಗೊರಕೆಗೆ ಮನೆಯವರೆಲ್ಲ ಎದ್ದು ಕೂತರು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ಮಾಮಾಗ ಎಂಥಾ ಗಡದ್ದ ನಿದ್ದಿ ನೋಡಕ್ಕಾ, ಪುಣ್ಯವಂತ" ಅಂದ ತಮ್ಮ. 31 ವರ್ಷ ನಾನೂ ಹಾಗೇ ಅಂದುಕೊಂಡವಳು. ಆದರೆ ಈ ಪುಣ್ಯವಂತರು ಬೆಳಗಾದರೆ ತಲೆನೋವು ಅಂತಾರೆ, ಹಗಲೆಲ್ಲ ಆಕಳಿಸ್ತಾರೆ. ಮೊನ್ನೆ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೇ ತೂಕಡಿಸಿದರು.

5 ಜನವರಿ, ಸೊಲ್ಲಾಪುರ

ತಮ್ಮನ ಮಗ ಔಷಧಿ ಅಂಗಡಿಯಿಂದ ಮೂಗಿನ ಪಟ್ಟಿ ತಂದುಕೊಟ್ಟಿದ್ದ. ಗಾಯಕ್ಕೆ ಹಚ್ಚುವ ಪಟ್ಟಿಯಂಥದ್ದೇ, ಒಳಗೆ ಸ್ಪ್ರಿಂಗಿನ ಹಾಗೆ ಸೆಟೆಯುವ ಎಳೆ. ಮೂಗಿನ ಮೇಲೆ ಅಡ್ಡ ಅಂಟಿಸಿದರೆ ಎರಡೂ ಬದಿ ಎತ್ತಿ ಹೊಳ್ಳೆ ಅಗಲ ಮಾಡ್ತದೆ. ಚಳಿಗಾಲದ ಧೂಳಿಗೆ ಕಟ್ಟಿದ್ದ ಮೂಗು ಸಡಿಲಾಯಿತು, ಗೊರಕೆ ಅರ್ಧಕ್ಕೆ ಇಳಿಯಿತು. ಆಗಲೇ ನನ್ನ ಲಕ್ಷ್ಯಕ್ಕೆ ಬಂದದ್ದು: ನಡುನಡುವೆ ಏನೂ ಕೇಳಿಸುವುದೇ ಇಲ್ಲ. ಗಡಿಯಾರ ಹಿಡಿದು ಎಣಿಸಿದೆ. 24 ಸೆಕೆಂಡು. ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವರಂತೆ ಒಂದು ದೊಡ್ಡ ಉಸಿರು.

ಟವೆಲ್ ನೇಯುವ ಮನೆಗೆ ಸೊಸೆಯಾಗಿ ಬಂದವಳು ನಾನು. ಮಗ್ಗ ಬಡಿಯುತ್ತಿದ್ದರೆ ಯಾರಿಗೂ ಎಚ್ಚರಾಗದು. ನೂಲು ಹರಿದು ನಿಂತಿತೋ, ತೊಟ್ಟಿಲ ಕೂಸೂ ಕಣ್ಣು ಬಿಡುತ್ತಿತ್ತು. ಹಾಸಿಗೆಯಲ್ಲಿ ಮಾತ್ರ ಈ ಕಿವಿ ಎಲ್ಲಿಗೆ ಹೋಗಿತ್ತೋ.

14 ಜನವರಿ, ಸಂಕ್ರಾಂತಿ

ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಇವರು ಬಿಳಿ ಬಾರಾಬಂದಿ ತೊಟ್ಟು ನಂದಿಧ್ವಜದ ಹಿಂದೆ ಹೊರಟರು. ಒಂದು ಕಾಲಕ್ಕೆ ತಾವೇ ಆ ಧ್ವಜದ ಕಾಠಿ ಹೊತ್ತವರು. ಇವತ್ತು ಅರ್ಧ ದಾರಿಗೇ ರಸ್ತೆ ಬದಿ ಕೂತು ಕಣ್ಣು ಮುಚ್ಚಿದರು. "ಹಬ್ಬ ಮುಗೀಲಿ, ಡಾಕ್ಟರ ಕಡೆ ಹೋಗೂಣು" ಅಂದೆ. ಒಲ್ಲೆ ಅನ್ನಲಿಲ್ಲ. ಅದೇ ಹೆದರಿಕೆ ಆಯಿತು.

23 ಜನವರಿ

ರಾತ್ರಿಯಿಡೀ ತಂತಿ ಹಚ್ಚಿ ಮಲಗಿಸಿದ ಪರೀಕ್ಷೆಯ ವರದಿ ಬಂತು. ಗಂಟೆಗೆ 38 ಸಲ ಉಸಿರು ನಿಲ್ಲುವುದೋ ಕುಗ್ಗುವುದೋ ಆಗ್ತದೆ. 30 ಮುಟ್ಟಿದರೇ ತೀವ್ರವಂತೆ. 10 ಸೆಕೆಂಡು ನಿಂತರೂ ಲೆಕ್ಕಕ್ಕೆ ಬರ್ತದಂತೆ. ಪಟ್ಟಿಯ ಮಾತು ತೆಗೆದೆ. "ಅದು ಮೂಗಿನ ಬಾಗಲಾ ತೆಗೀತದರಿ. ಇವರಿಗೆ ಕಟ್ಟೋದು ಗಂಟಲದಾಗ. ನಿದ್ದಿ ಹತ್ತಿದ ಮ್ಯಾಲ ಅಲ್ಲಿ ಮಾಂಸ ಸಡ್ಲಾಗಿ ದಾರಿ ಮುಚ್ತದ" ಅಂದರು ಡಾಕ್ಟರು. ಸಿಪ್ಯಾಪ್ ಯಂತ್ರ ಬೇಕು. ಮುಖವಾಡದಿಂದ ಗಾಳಿ ಒತ್ತಿ ಆ ದಾರಿ ತೆರೆದಿಡುವಂಥದ್ದು. 1981ರ ಹೊತ್ತಿಗೆ ಸಿಡ್ನಿಯ ಕಾಲಿನ್ ಸುಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿ ಶುರು ಮಾಡಿದ್ದಂತೆ. ಮೋಟಾರು ಅಂದಕೂಡಲೇ ಇವರ ಮುಖ ಅರಳಿತು. ಬೆಲೆ ಕೇಳಿ ಮುದುಡಿತು.

2 ಫೆಬ್ರವರಿ

ಯಂತ್ರ ಮನೆಗೆ ಬಂತು. "ಆನಿ ಸೊಂಡಿ" ಅಂತ ಮೂರು ರಾತ್ರಿ ಮುಖವಾಡ ಕಿತ್ತೆಸೆದರು. ನಾಲ್ಕನೆಯ ರಾತ್ರಿ ಅದರ ಪಟ್ಟಿ ಬಿಗಿ ಮಾಡುವ ಹದ ತಾವೇ ಕಂಡುಕೊಂಡರು, ಮಗ್ಗದ ಹಾಸು ಬಿಗಿ ಮಾಡುವವರ ಗತ್ತಿನಲ್ಲಿ. ಈಗ ಯಂತ್ರದ ಸಣ್ಣ ಗುಂಯ್ ಸದ್ದಷ್ಟೇ.

ನಿನ್ನೆ ನಸುಕಿನಲ್ಲಿ ಕರೆಂಟು ಹೋಯಿತು. ಗುಂಯ್ ನಿಂತದ್ದೇ ನಾನು ಎದ್ದು ಕೂತೆ. ಇವರೂ ಮುಖವಾಡ ಸರಿಸಿ, ಮಗ್ಗದ ಮನೆ ಕಡೆ ಕಿವಿ ಕೊಟ್ಟು ಕೇಳಿದರು: "ಯಾವುದು ನಿಂತದ?"