ತವರಿನ ಹಚ್ಚೆ

ಮುಂಗೈ ಮೇಲೆ ಹುಲಿಯ ಹಚ್ಚೆಯಿರುವ ಹುಡುಗನೊಬ್ಬ ಹೊಸ ಕರಾಟೆ ಕ್ಲಾಸಿಗೆ ಸೇರಲು ಬಂದ ಎಂದಿಟ್ಟುಕೊಳ್ಳಿ. ಅವನಿಗೆ ಒದೆಯಲು ಬರುತ್ತದೋ, ತಡೆಯಲು ಬರುತ್ತದೋ, ಬಿದ್ದರೆ ಏಳಲಾದರೂ ಬರುತ್ತದೋ ಎಂದು ನೋಡುವ ಮೊದಲೇ ಮಾಸ್ಟರ ಕಣ್ಣು ಹುಲಿಯ ಮೇಲೆ ಬೀಳುತ್ತದೆ. ಅದು ಶೋಟೊಕಾನ್ ಶೈಲಿಯವರ ಲಾಂಛನದ ಹುಲಿ, ಇಲ್ಲಿಗೆ ಬರುವಾಗ ಬ್ಯಾಂಡೇಜು ಸುತ್ತಿಕೊಂಡು ಬಾ ಎಂಬ ಅಪ್ಪಣೆ ಹೊರಡುತ್ತದೆ. ಗಾಯವಿಲ್ಲದ ಕೈಗೆ ಬ್ಯಾಂಡೇಜು! ಇನ್ನೂ ಕಟ್ಟುನಿಟ್ಟಿನವರು ಶಿವಮೊಗ್ಗಕ್ಕೆ ಹೋಗಿ ಅದರ ಮೇಲೆ ಬೇರೇನಾದರೂ ಬರೆಸಿಕೋ ಎನ್ನುತ್ತಾರೆ. ಹಳೆಯ ಶೈಲಿಯ ಗುರುತು ಹೊಸ ಗುರುವಿಗೆ ಮಾಡಿದ ಅವಮಾನ ಎಂಬುದು ಅವರ ವಾದ. ಈ ವಾದ ಕರಾಟೆಯ ಚರಿತ್ರೆಗೂ ಸಲ್ಲದು, ನಮ್ಮ ಸೀಮೆಯ ರೂಢಿಗೂ ಸಲ್ಲದು, ಮೈಯ ಸ್ವಭಾವಕ್ಕಂತೂ ಸಲ್ಲವೇ ಸಲ್ಲದು ಎಂಬುದು ನನ್ನ ತಕರಾರು.

ಮೊದಲಿಗೆ ಊರಿನ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ಶೈಲಿ ಬದಲಿಸುವವನು ಆಯ್ಕೆ ಮಾಡಿ ಬದಲಿಸುತ್ತಾನೆ, ಅಲ್ಲಿ ಬೀದಿಗೊಂದು ಬೋರ್ಡಿದೆ. ಸಾಗರದಲ್ಲಿ ಹೈಸ್ಕೂಲು ಮುಗಿಸಿ ತೀರ್ಥಹಳ್ಳಿಯ ಕಾಲೇಜಿಗೆ ಸೇರಿದವನಿಗೆ, ಅಪ್ಪನಿಗೆ ವರ್ಗವಾಗಿ ಹೊಸನಗರಕ್ಕೆ ಬಂದವಳಿಗೆ ಆ ಭಾಗ್ಯವಿಲ್ಲ. ಆ ಊರಿನ ಸಮುದಾಯ ಭವನದಲ್ಲಿ, ಶಾಲೆಯ ಹಾಲಿನಲ್ಲಿ ಸಂಜೆ ಹೊತ್ತು ಯಾವ ಕ್ಲಾಸು ನಡೆಯುತ್ತದೋ ಅದೇ ಅವರ ಶೈಲಿ. ಬಸ್ಸಿನ ರೂಟು ಶೈಲಿಯನ್ನು ನಿರ್ಧರಿಸುವ ಕಡೆ ದ್ರೋಹದ ಮಾತು ಎಲ್ಲಿಂದ ಬಂತು? ಅದೂ ಅಲ್ಲದೆ ಕರಾಟೆ ಡ್ರೆಸ್ಸಿನ ತೋಳು ಮುಂಗೈಯನ್ನು ಬಹುಪಾಲು ಮುಚ್ಚಿಯೇ ಇರುತ್ತದೆ. ಇಡೀ ಜಗಳ ಮಣಿಕಟ್ಟಿನ ಬಳಿ ಇಣುಕುವ ಎರಡು ಬೆರಳಗಲದ ಚರ್ಮದ ಮೇಲೆ. ಆಗುಂಬೆ, ಹುಲಿಕಲ್ಲಿನ ಕಡೆಯ ಮಳೆಗಾಲದಲ್ಲಿ ಆ ದಪ್ಪ ಬಟ್ಟೆ ವಾರಗಟ್ಟಲೆ ಒಣಗದೆ, ಬಚ್ಚಲೊಲೆಯ ಮೇಲೆ ನೇತುಹಾಕಿಸಿಕೊಂಡು ಹೊಗೆ ಕುಡಿದು ಬರುತ್ತದೆ. ಆ ವಾಸನೆಯನ್ನು ಸಹಿಸುವ ಮಾಸ್ಟರು ಹುಲಿಯನ್ನು ಸಹಿಸಲಾರರು.

ಇನ್ನು ಚರಿತ್ರೆ. ಶಿತೊ-ರ್ಯು ಎಂಬ ಶೈಲಿಯ ಹೆಸರೇ ಒಂದು ಹಚ್ಚೆ. ಅದನ್ನು ಕಟ್ಟಿದ ಕೆನ್ವಾ ಮಬುನಿ ತನ್ನ ಇಬ್ಬರು ಗುರುಗಳಾದ ಇತೊಸು ಮತ್ತು ಹಿಗಾಒನ್ನ ಅವರ ಹೆಸರಿನ ಮೊದಲ ಚಿತ್ರಲಿಪಿಗಳನ್ನು ತೆಗೆದು, ಬೇರೆ ಉಚ್ಚಾರದಲ್ಲಿ ಜೋಡಿಸಿದ. ಒಬ್ಬ ಗುರು ಒಕಿನಾವ ದ್ವೀಪದ ಶುರಿ ಊರಿನ ಪದ್ಧತಿಯವನು, ಇನ್ನೊಬ್ಬ ನಾಹಾ ಪದ್ಧತಿಯವನು. ಒಬ್ಬನನ್ನು ಮುಚ್ಚಿ ಇನ್ನೊಬ್ಬನನ್ನು ತೋರಿಸಬೇಕೆಂದು ಮಬುನಿಗೆ ಅನ್ನಿಸಲಿಲ್ಲ. ಕ್ಯೊಕುಶಿನ್ ಪಂಗಡದವರು ಎದೆಯ ಮೇಲೆ ಹೆಮ್ಮೆಯಿಂದ ಹೊಲಿಸಿಕೊಳ್ಳುವ ಕಾಂಕು ಲಾಂಛನ ಇನ್ನೂ ಸ್ವಾರಸ್ಯದ್ದು. ಅದು ಕಾಂಕು ಎಂಬ ಕಟಾದ (ಒಬ್ಬನೇ ಮಾಡುವ ವರಸೆಗಳ ಸರಣಿಯ) ಮೊದಲ ಭಂಗಿಯಿಂದ, ತಲೆಯ ಮೇಲೆತ್ತಿ ಬೆರಳು ಕೂಡಿಸಿದ ಕೈಗಳಿಂದ ಬಂದದ್ದು. ಆ ಕಟಾದ ಹಳೆಯ ಹೆಸರು ಕುಶಾಂಕು. ಅದಕ್ಕೆ ಕಾಂಕು ಎಂದು ಹೊಸ ಹೆಸರಿಟ್ಟವನು ಶೋಟೊಕಾನಿನ ಫುನಾಕೋಶಿ. ಕ್ಯೊಕುಶಿನ್ ಕಟ್ಟಿದ ಒಯಾಮ ಮೊದಲು ಶೋಟೊಕಾನ್, ಗೋಜು-ರ್ಯು ಎರಡನ್ನೂ ಕಲಿತವನು. ಅಂದರೆ ಆ ಲಾಂಛನವೇ ಹಿಂದಿನ ಶಾಲೆಯಿಂದ ಬಂದ ಹಚ್ಚೆ, ಚರ್ಮದ ಬದಲು ಬಟ್ಟೆಯ ಮೇಲಿದೆ ಅಷ್ಟೆ. ಇನ್ನು ಕರಾಟೆ ಎಂಬ ಶಬ್ದದ ಕಥೆ. ಮೊದಲು ಅದನ್ನು ‘ಚೀನಾದ ಕೈ’ ಎಂಬರ್ಥ ಬರುವ ಲಿಪಿಯಲ್ಲಿ ಬರೆಯುತ್ತಿದ್ದರು. 1936ರಲ್ಲಿ ನಾಹಾದಲ್ಲಿ ಸೇರಿದ ಹಿರಿಯರು ‘ಬರಿಗೈ’ ಎಂಬರ್ಥದ ಲಿಪಿಗೆ ಒಪ್ಪಿದರು. ಉಚ್ಚಾರ ಅದೇ, ಬರಹ ಬೇರೆ. ಹಳೆಯ ಹಚ್ಚೆಯ ಮೇಲೆ ಹೊಸತು ಬರೆಸಿಕೊಳ್ಳುವ ಬುದ್ಧಿ ಟ್ಯಾಟೂ ಅಂಗಡಿಯವರದಲ್ಲ, ಕರಾಟೆಯ ಹಿರಿಯರದೇ. ಹಾಗೆ ಮುಚ್ಚಿದ ಮೇಲೂ ಒಳಗಿನ ಚೀನಾ ಅಳಿಸಿತೇ? ಕುಶಾಂಕು ಎಂಬುದು ಒಕಿನಾವಕ್ಕೆ ಬಂದ ಚೀನೀ ರಾಯಭಾರಿಯೊಬ್ಬನ ಹೆಸರೆಂದು ಇಂದಿಗೂ ಹೇಳುತ್ತಾರೆ.

ಹಚ್ಚೆಯೆಂದರೇ ಜಪಾನಿಯರಿಗೆ ಆಗದು, ಅದು ಗೂಂಡಾಗಳ ಗುರುತು, ಆದ್ದರಿಂದ ಅಲ್ಲಿಂದ ಬಂದ ವಿದ್ಯೆಯಲ್ಲೂ ಅದಕ್ಕೆ ಜಾಗವಿಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಅಲ್ಲಿನ ಮೈಜಿ ಸರ್ಕಾರ 1872ರಲ್ಲಿ ಹಚ್ಚೆಯನ್ನು ನಿಷೇಧಿಸಿತು, ಆ ನಿಷೇಧ 1948ರವರೆಗೆ ಉಳಿಯಿತು. ಅಲ್ಲಿನ ಸಾರ್ವಜನಿಕ ಸ್ನಾನದ ಮನೆಗಳು ಹಚ್ಚೆಯವರನ್ನು ಇಂದಿಗೂ ಹೊರಗಿಡುವುದುಂಟು. ಆದರೆ ಕರಾಟೆ ಹುಟ್ಟಿದ್ದು ತೋಕಿಯೊದಲ್ಲಲ್ಲ, ಒಕಿನಾವದಲ್ಲಿ. ಅಲ್ಲಿನ ಹೆಂಗಸರು ಬೆರಳು, ಅಂಗೈ ಹಿಂಭಾಗ, ಮಣಿಕಟ್ಟಿನ ತುಂಬ ಹಾಜಿಚಿ ಎಂಬ ಹಚ್ಚೆ ಹೊಯ್ಯಿಸಿಕೊಳ್ಳುತ್ತಿದ್ದರು. 1899ರಲ್ಲಿ ಜಪಾನ್ ಅದನ್ನೂ ಅಪರಾಧವೆಂದು ಸಾರಿತು. ನಾವು ತಲೆಬಾಗಿ ನಮಸ್ಕರಿಸುವ ಹಿರಿಯ ಗುರುಗಳಲ್ಲಿ ಎಷ್ಟೋ ಜನ ಹಚ್ಚೆ ತುಂಬಿದ ಕೈಗಳಿಂದ ತುತ್ತು ತಿಂದು ಬೆಳೆದವರೇ ಇರಬೇಕು. ತಾಯಂದಿರ ಕೈಯನ್ನು ಮರೆತು ಪೊಲೀಸರ ಕಾನೂನನ್ನು ಮಾತ್ರ ಸಂಪ್ರದಾಯವೆಂದು ಹೊತ್ತು ತರುವುದು ಯಾವ ಸಂಪ್ರದಾಯ?

ನಮ್ಮಲ್ಲಂತೂ ಈ ಪ್ರಶ್ನೆ ಎಂದೋ ಬಗೆಹರಿದಿದೆ. ಕೊರವಂಜಿಯ ಮುಂದೆ ಕೈಚಾಚಿ, ಹಲ್ಲು ಕಚ್ಚಿ ಕೂತು ತವರಿನಲ್ಲಿ ಹಚ್ಚೆ ಹೊಯ್ಯಿಸಿಕೊಂಡ ಹುಡುಗಿ ಮದುವೆಯಾಗಿ ಗಂಡನ ಮನೆಗೆ ಬರುತ್ತಿದ್ದಳು. ಆ ಮನೆಯ ಸಾರಿನ ರುಚಿ ಬೇರೆ, ದೇವರು ಬೇರೆ, ಮಾತಿನ ರಾಗವೂ ಬೇರೆ. ಅತ್ತೆ ಹುಳಿ ಹೆಚ್ಚಾಯಿತೆಂದು ಬೈದಾಳು, ಸೆರಗು ಸರಿಯಿಲ್ಲವೆಂದು ಬೈದಾಳು, ಮುಂಗೈಯ ಹಚ್ಚೆ ಅಳಿಸಿಕೊಂಡು ಬಾ ಎನ್ನುವಷ್ಟು ದೂರ ಹೋಗಳು. ಒಡವೆ, ವಸ್ತ್ರ ಎಲ್ಲ ಇಲ್ಲೇ ಬಿಚ್ಚಿಟ್ಟು ಹೋಗುವಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆಯ ಮುಂದೆ ಅತ್ತೆಯ ದರ್ಬಾರೂ ತಗ್ಗುತ್ತಿತ್ತು. ಮದುವೆಗೆಂದು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಬೇಕಾದಾಗ ಸಾರಿಸಿ ಹೊಸದಾಗಿ ಬರೆಯಬಹುದು. ಮೈಯೇನು ಗೋಡೆಯೇ?

ಊರುಗಳೂ ಹೀಗೆಯೇ ನಡೆದುಕೊಂಡಿವೆ. ಸಾಗರದ ಪಕ್ಕದ ಕೆಳದಿಯಲ್ಲಿ ಹುಟ್ಟಿದ ಅರಸು ಮನೆತನ ರಾಜಧಾನಿಯನ್ನು ಇಕ್ಕೇರಿಗೆ ಒಯ್ಯಿತು, ಅಲ್ಲಿಂದ ಬಿದನೂರಿಗೆ ಒಯ್ಯಿತು. ಬಿದನೂರಿನಲ್ಲಿ ಕೂತು ಆಳಿದವರೂ ಕೆಳದಿಯ ನಾಯಕರೇ. ಟಂಕಸಾಲೆ ಬಿದನೂರಿಗೆ ಹೋದ ಮೇಲೂ ಅವರ ಹೊನ್ನಿಗೆ ಇಕ್ಕೇರಿ ವರಹ ಎಂಬ ಹೆಸರು ತಪ್ಪಲಿಲ್ಲ. ಮೂರನೇ ಊರಿನಲ್ಲಿ ಮುದ್ರೆ ಒತ್ತಿಸಿಕೊಂಡು, ಎರಡನೇ ಊರಿನ ಹೆಸರು ಹೊತ್ತು, ಮೊದಲನೇ ಊರಿನ ಮನೆತನವನ್ನು ಸಾರಿದ ನಾಣ್ಯವನ್ನು ಯಾವ ವರ್ತಕನೂ ಇದು ಖೋಟಾ ಎಂದು ಹಿಂದಿರುಗಿಸಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಊರಿಗೆ ಹೈದರ್‌ನಗರವೆಂದು ಹೆಸರಿಟ್ಟ. ತನ್ನ ವರಹದಲ್ಲಿ ಮಾತ್ರ ಒಂದು ಬದಿಗೆ ಹಳೆಯ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿ, ಇನ್ನೊಂದು ಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಗೆದ್ದು ಬಂದ ದೊರೆಗೇ ಸೋತವರ ಮುದ್ರೆ ಕಣ್ಣಿಗೆ ಚುಚ್ಚಲಿಲ್ಲ, ತಿಂಗಳ ಫೀಸು ಇಸಿದುಕೊಳ್ಳುವ ಮಾಸ್ಟರಿಗೆ ಚುಚ್ಚುತ್ತದೆ! ಆಮೇಲೆ ಹೈದರನ ಹೆಸರು ಉದುರಿ ಬರಿಯ ನಗರ ಉಳಿಯಿತು. ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದಾಗ ಆ ಊರು ಹೊಸನಗರವಾಯಿತು. ಹೊಸ ಎಂದು ಹೇಳಿಕೊಳ್ಳುವುದಕ್ಕೂ ಅದಕ್ಕೆ ಹಳೆಯ ನಗರವೇ ಬೇಕಾಯಿತು.

ಹಚ್ಚೆ ಮುಚ್ಚಿಸುವವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಹಳೆಯ ಶೈಲಿ ಚರ್ಮದ ಮೇಲಲ್ಲ, ಹಿಕಿತೆಯಲ್ಲಿ ಬರೆದಿರುತ್ತದೆ. ಒಂದು ಕೈ ಗುದ್ದುವಾಗ ಇನ್ನೊಂದು ಕೈ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಶೋಟೊಕಾನಿನವನದು ಸೊಂಟದ ಮೂಳೆಯ ಹತ್ತಿರ, ಗೋಜುವಿನವನದು ಕಂಕುಳ ಕೆಳಗಿನ ಪಕ್ಕೆಯ ಹತ್ತಿರ. ಈ ಗೇಣುದ್ದದ ಅಂತರಕ್ಕಾಗಿ ಆಗಿರುವ ವಾಗ್ವಾದ ಅಡಿಕೆ ತೋಟದ ಬೇಲಿಗೂ ಆಗಿರಲಿಕ್ಕಿಲ್ಲ. ಸೊಂಟದವರು ಮೇಲಿಟ್ಟವನಿಗೆ ಹೆಗಲು ಬಿಗಿಯುತ್ತದೆ ಎನ್ನುತ್ತಾರೆ, ಪಕ್ಕೆಯವರು ಕೆಳಗಿಟ್ಟವನ ಮೊಣಕೈ ಹೊರಗೆ ಹಾರುತ್ತದೆ ಎನ್ನುತ್ತಾರೆ. ನನ್ನ ಪ್ರಕಾರ ಇಬ್ಬರೂ ಕೈಯನ್ನು ಸೈಕಲ್ಲಿನಂತೆ ಸ್ಟ್ಯಾಂಡು ಹಾಕಿ ನಿಲ್ಲಿಸುವ ಜಾಗಕ್ಕಾಗಿ ಕಿತ್ತಾಡುತ್ತಿದ್ದಾರೆ. ಹಿಕಿತೆ ಎಂದರೆ ಎಳೆಯುವ ಕೈ. ಎಳೆಯಲು ಏನಾದರೂ ಬೇಕು. ಒಂದು ಒದ್ದೆ ಬೈರಾಸದ ಒಂದು ತುದಿಯನ್ನು ಜೊತೆಯವನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು, ಎಳೆಯುತ್ತ ಗುದ್ದಿ ನೋಡಿ. ಕುಳ್ಳನನ್ನು ಎಳೆದಾಗ ಮುಷ್ಟಿ ಒಂದು ಕಡೆ ಬರುತ್ತದೆ, ಉದ್ದನೆಯವನನ್ನು ಎಳೆದಾಗ ಇನ್ನೊಂದು ಕಡೆ. ಬಾವಿಯಿಂದ ನೀರು ಸೇದುವವಳ ಕೈ ಎಲ್ಲಿಗೆ ಬರುತ್ತದೆಂದು ಯಾರೂ ಅವಳ ಶೈಲಿ ಕೇಳುವುದಿಲ್ಲ, ಕೊಡದ ಭಾರ ಅದನ್ನು ತೀರ್ಮಾನಿಸುತ್ತದೆ. ಬೈರಾಸದಲ್ಲಿ ಹತ್ತು ದಿನ ಎಳೆದವನಿಗೆ ಸೊಂಟ ಪಕ್ಕೆಗಳ ಜಗಳ ನಗೆಪಾಟಲಾಗಿ ಕಾಣದಿದ್ದರೆ ಕೇಳಿ.

ಆದರೂ ಹುಡುಗನಿಗೆ ಸುಸ್ತಾದಾಗ, ಮೂರನೆಯ ಸುತ್ತಿನಲ್ಲಿ ಉಸಿರು ಮೇಲೆ ಕೆಳಗೆ ಆಗುವಾಗ, ಅವನ ಕೈ ಮೊದಲು ಕಲಿತ ಜಾಗಕ್ಕೇ ಓಡುತ್ತದೆ. ಬ್ಯಾಂಡೇಜಿನೊಳಗೆ ಹುಲಿ ಮಲಗಿದ್ದರೂ ಸೊಂಟದ ಬಳಿ ಎದ್ದು ಕೂತಿರುತ್ತದೆ. ಬಯಲಾಟ ನೋಡಿ ಬೆಳೆದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ದಿಗಿಣ ಹಾರಿದ ಕಾಲು ಬಡಗಿನ ಮೇಳದ ಗೆಜ್ಜೆ ಕಟ್ಟಿಕೊಂಡರೆ ಮಂಡಿ ಹಾಕುವ ಹೊತ್ತಿಗೆ ಸಿಕ್ಕಿಬೀಳುತ್ತದೆ. ಗರಡಿಯ ಪೈಲ್ವಾನನ ಮುರಿದ ಕಿವಿಯೂ ಅಂಥದೇ ಹಚ್ಚೆ. ಅವನು ನಾಳೆ ಕುಸ್ತಿ ಬಿಟ್ಟು ಜೂಡೊಗೆ ಸೇರಿದರೆ ಕಿವಿಗೆ ಬ್ಯಾಂಡೇಜು ಸುತ್ತಿಸುತ್ತೀರಾ? ಇನ್ನು ಕಟಾಗಳ ತಮಾಷೆ. ಶೋಟೊಕಾನಿನಲ್ಲಿ ಹೆಯಾನ್ ಶೋದಾನ್ ಎಂದು ಕಲಿತದ್ದು ಶಿತೊ-ರ್ಯುವಿನಲ್ಲಿ ಪಿನಾನ್ ನಿದಾನ್ ಆಗಿ ಎದುರಾಗುತ್ತದೆ. ಫುನಾಕೋಶಿ ಹೆಸರು ಬದಲಿಸಿದ್ದಲ್ಲದೆ ಒಂದನೆಯದನ್ನೂ ಎರಡನೆಯದನ್ನೂ ಅದಲು ಬದಲು ಮಾಡಿದ. ಹಳೆಯ ಹುಡುಗನಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ, ಅದನ್ನು ಬಳಸಿಕೊಳ್ಳುವ ಬದಲು ಮುಚ್ಚಿಸುವುದು ಕೊಟ್ಟಿಗೆಯಲ್ಲಿ ಕರೆಯುವ ಹಸುವಿರುವಾಗ ಪೇಟೆಯಿಂದ ಹಾಲು ತಂದಂತೆ.

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ, ಗುರುಭಕ್ತಿ ಒಂದೇ ಕಡೆ ಇರಬೇಕು ಎಂಬ ಆಕ್ಷೇಪ ಬರುತ್ತದೆ. ಹಚ್ಚೆ ಕಾಲಿಟ್ಟ ದೋಣಿಯಲ್ಲ, ದಾಟಿ ಬಂದ ದೋಣಿ. ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋದವರು 2025ರಲ್ಲಿ ಸೇತುವೆಯಾಯಿತೆಂದು ಲಾಂಚಿನ ನೆನಪಿಗೆ ಬ್ಯಾಂಡೇಜು ಸುತ್ತಿಕೊಂಡಿಲ್ಲ. ಹಳೆಯ ಗುರುವನ್ನು ಇಷ್ಟು ಬೇಗ ಮುಚ್ಚಿಡಬಲ್ಲವನು ನಾಳೆ ನಿಮ್ಮನ್ನೂ ಮುಚ್ಚಿಡಬಲ್ಲ ಎಂಬ ಅನುಮಾನ ಮಾಸ್ಟರಿಗೆ ಬರಬೇಕಿತ್ತು. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಹಚ್ಚೆ ಕೆಲವೊಮ್ಮೆ ಗಳಿಸದ ಯೋಗ್ಯತೆಯನ್ನು ಸಾರುತ್ತದೆ. ಮೂರು ತಿಂಗಳು ಹಳದಿ ಬೆಲ್ಟು ಕಟ್ಟಿದವನು ತೋಳಿನ ಮೇಲೆ ಕಪ್ಪು ಬೆಲ್ಟು ಬರೆಸಿಕೊಂಡು ಬಂದರೆ ಅದು ಸುಳ್ಳು ಸರ್ಟಿಫಿಕೇಟು. ಆದರೆ ಅದರ ಪರೀಕ್ಷೆ ಚಾಪೆಯ ಮೇಲೆ ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಇನ್ನು ನಾನು ಒಪ್ಪುವ ಮಾತುಗಳು ಎರಡು. ಹೊಸ ಹಚ್ಚೆ ಎಂದರೆ ಹಸಿ ಗಾಯ, ಅದು ಮಾಯುವವರೆಗೆ, ಎರಡು ಮೂರು ವಾರವಾದರೂ, ಗರಡಿಯ ಮಟ್ಟಿಗೂ ಜೂಡೊ ಚಾಪೆಗೂ ಇಳಿಯಬಾರದು. ಸೇನೆಗೆ ಸೇರುವ ಆಸೆಯಿರುವ ನಮ್ಮ ಹುಡುಗರು ಭುಜ, ಕುತ್ತಿಗೆ, ಎದೆಯ ಮೇಲೆ ಬರೆಸಿಕೊಳ್ಳುವ ಮೊದಲು ಭರ್ತಿಯ ನಿಯಮ ಓದಿಕೊಳ್ಳಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮುಂಗೈ, ಅಂಗೈಯ ಹಿಂಭಾಗ, ಸಾಮಾನ್ಯವಾಗಿ ಇಷ್ಟಕ್ಕೆ ಮಾತ್ರ ಅಲ್ಲಿ ಅನುಮತಿ. ಇವು ಚರ್ಮದ ಮಾತು, ಹೊಟ್ಟೆಪಾಡಿನ ಮಾತು. ಗೌರವದ ಮಾತಲ್ಲ.

ಗೌರವದ ಬಗ್ಗೆ ಅತಿ ಗಟ್ಟಿಯಾಗಿ ಮಾತಾಡುವವರ ಗೋಡೆ ನೋಡಿದರೆ ಮೈ ಉರಿಯುತ್ತದೆ. ಅಲ್ಲಿ ಚೌಕಟ್ಟು ಹಾಕಿದ ಮೂರು ನಾಲ್ಕು ಸರ್ಟಿಫಿಕೇಟು, ಒಂದೊಂದಕ್ಕೂ ಬೇರೆ ಸಂಘ, ಬೇರೆ ಮೊಹರು, ಬೇರೆ ಅಧ್ಯಕ್ಷನ ಸಹಿ. ಒಬ್ಬ ಅಧ್ಯಕ್ಷನ ಜೊತೆ ಮುನಿಸಾದಾಗ ಇನ್ನೊಂದು ಸಂಘ, ಅದರಲ್ಲಿ ಡಿಗ್ರಿ ತಡವಾದಾಗ ಮತ್ತೊಂದು. ಅದು ಅನುಭವ. ಶಿಷ್ಯನ ಮುಂಗೈಯ ಒಂದೇ ಒಂದು ಹುಲಿ ಮಾತ್ರ ದ್ರೋಹ. ಒಯಾಮ 1994ರಲ್ಲಿ ತೀರಿಕೊಂಡದ್ದೇ ತಡ, ಅವನ ಸಂಸ್ಥೆ ಚೂರುಚೂರಾಯಿತು. ಒಂದೇ ಕಾಂಕುವನ್ನು ನಮ್ಮದು ತಮ್ಮದು ಎಂದು ಕೋರ್ಟು ಮೆಟ್ಟಿಲವರೆಗೆ ಎಳೆದಾಡಿದರು. ಆ ಲಾಂಛನವನ್ನು ಒಡಕಿಗೂ ಮೊದಲೇ ಮೈಮೇಲೆ ಬರೆಸಿಕೊಂಡಿದ್ದವನು ಕೂತಲ್ಲಿಂದ ಏಳದೆಯೇ ಅಷ್ಟೂ ಬಣಗಳ ಸದಸ್ಯನಾದ. ಹಚ್ಚೆ ನಿಷ್ಠೆಯ ಮುದ್ರೆ ಎನ್ನುವವರು ಆ ಬಡಪಾಯಿಯ ನಿಷ್ಠೆ ಯಾವ ಬಣಕ್ಕೆ ಎಂದು ಹೇಳಬೇಕು.

ಶೋಟೊಕಾನಿನ ಆ ಹುಲಿಯನ್ನು ಮೊದಲು ಬರೆದವನು ಹೋಆನ್ ಕೊಸುಗಿ ಎಂಬ ಚಿತ್ರಕಾರ, ಫುನಾಕೋಶಿಯ ಪುಸ್ತಕಕ್ಕೆಂದು ಬರೆದದ್ದು. ಶೋಟೊ ಎಂಬುದು ಫುನಾಕೋಶಿಯ ಕಾವ್ಯನಾಮ, ಪೈನ್ ಮರಗಳ ನಡುವೆ ಬೀಸುವ ಗಾಳಿಯ ಅಲೆ ಎಂದು ಅದರ ಅರ್ಥ. ಅವನಿಗಾದರೋ ಶೈಲಿಗಳಿಗೆ ಬೇರೆ ಬೇರೆ ಹೆಸರಿಟ್ಟು ಒಡೆಯುವುದೇ ಸರಿಬರುತ್ತಿರಲಿಲ್ಲ. ಶಿಷ್ಯರು ಬೋರ್ಡು ಬರೆದರು, ಅದೇ ಶೈಲಿಯಾಯಿತು. ಕೊಸುಗಿಯ ಹುಲಿ ಕಾಗದದ ಮೇಲೆ ಚೂಪಾಗಿಯೇ ಉಳಿದಿದೆ, ಮುಂಗೈಯ ಮೇಲೆ ಹಾಗೆ ಉಳಿಯದು. ವರ್ಷ ಕಳೆದಂತೆ ಶಾಯಿ ಹರಡುತ್ತದೆ, ಕಪ್ಪು ಹೋಗಿ ಹಸುರು ನೀಲಿಯಾಗುತ್ತದೆ, ಬಾಲದ ಗೆರೆ ಬೆನ್ನಿನ ಗೆರೆಯೊಳಗೆ ಸೇರಿಕೊಳ್ಳುತ್ತದೆ. ಅರವತ್ತು ದಾಟಿದ ಕೈಯಲ್ಲಿ ಅದು ಹುಲಿಯೋ, ಕಾಫಿ ತೋಟದ ಕಬ್ಬೆಕ್ಕೋ ಎಂದು ಮೊಮ್ಮಕ್ಕಳು ಬೆಟ್ಟು ಮಾಡಿ ಕೇಳುತ್ತಾರೆ. ಅಷ್ಟು ಹೊತ್ತಿಗೆ ಬ್ಯಾಂಡೇಜು ಸುತ್ತಿಸಿದ ಮಾಸ್ಟರು ಇನ್ನೆರಡು ಸಂಘ ಬದಲಿಸಿರುತ್ತಾರೆ.