ಹೊಗೆಗೂಡಿನ ಕೆಳಗೆ ಗ್ಯಾಸು

ನಮ್ಮ ಜಗಳೂರಿನ ಕಡೆಯ ಹಳೆಯ ಮನೆಗಳಲ್ಲಿ ಒಲೆಗೆಂದೇ ಗೋಡೆಯಲ್ಲಿ ಜಾಗ ಬಿಟ್ಟಿರುತ್ತಾರೆ. ಮೇಲೆ ಹೊಗೆಗೂಡು, ಪಕ್ಕದಲ್ಲಿ ಬೆಂಕಿಪೊಟ್ಟಣ ಇಡಲು ಸಣ್ಣ ಮಾಡ, ಮೂಲೆಯಲ್ಲಿ ಜಾಲಿ ಕಟ್ಟಿಗೆ. ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ಟೌವನ್ನು ಅದೇ ಗೂಡಿನೊಳಗೆ ನೆಲಕ್ಕೇ ಇಟ್ಟುಬಿಡುತ್ತಾರೆ. ನಮ್ಮಲ್ಲೂ ಹಾಗೇ ಇತ್ತು.

ಅತ್ತೆಯವರಿಗೆ ಅದೇ ಸರಿ. "ನಿಂತ್ಕಂಡು ರೊಟ್ಟಿ ತಟ್ಟಾದು ಹೆಂಗವ್ವಾ? ಮ್ಯಾಲೆ ಹೊಗೆಗೂಡೈತಿ, ಗ್ಯಾಸು ಸೋರಿದ್ರೂ ಅದ್ರಾಗೆ ಹೋಕ್ಕತಿ" ಎನ್ನುತ್ತಿದ್ದರು. ಮೊದಲ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷ ಕುಳಿತೇ ಬೇಯಿಸಿದ ಮಂಡಿಗಳು ಅವು. ಎರಡನೆಯ ಮಾತು ಮಾತ್ರ ನನ್ನ ನಿದ್ದೆ ಕೆಡಿಸಿತು. ಹೊಗೆ ಬಿಸಿಯಾಗಿರುತ್ತದೆ, ಮೇಲೇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಒಲೆಯ ಗೂಡೋ, ನೆಲಕ್ಕಿಂತ ನಾಲ್ಕು ಬೆರಳು ತಗ್ಗು!

ಇನ್ನೊಂದು ಕಾಟ ಆಷಾಢದ ಗಾಳಿಯದು. ಕಟ್ಟಿಗೆಯ ಬೆಂಕಿಗೆ ಗಾಳಿ ಬಂದರೆ ಚೆನ್ನಾಗಿ ಉರಿಯುತ್ತದೆ. ಗ್ಯಾಸಿನ ನೀಲಿ ಉರಿ ಹಾಗಲ್ಲ. ಹೊಗೆಗೂಡಿನಿಂದ ಗಾಳಿ ಕೆಳಕ್ಕೆ ನುಗ್ಗಿದರೆ ಸದ್ದಿಲ್ಲದೆ ಆರುತ್ತದೆ, ಅನಿಲ ಬರುತ್ತಲೇ ಇರುತ್ತದೆ. ಹಾಲು ಉಕ್ಕಿ ಆರಿದರೆ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ವಯಸ್ಸಾದವರ ಮೂಗಿಗೆ ವಾಸನೆಯೂ ಬೇಗ ತಿಳಿಯದು.

ಗೌಂಡಿಯನ್ನು ಕರೆಸಿದೆವು. ಮೊದಲು ಹೊಗೆಗೂಡು ಕೆರೆಸಿದಾಗ ಎರಡು ಪುಟ್ಟಿ ಮಸಿ ಬಿತ್ತು. ಅದು ಬರ್ನರಿನ ತೂತಿಗೆ ಉದುರಿದರೆ ಉರಿ ಹಳದಿಯಾಗಿ ಪಾತ್ರೆ ಕಪ್ಪಾಗುವುದೇ. ಮೇಲ್ಗಡೆ ಬಾಯಿಗೆ ಕಲ್ಲು ಹೊದಿಸಿ, ಹಬೆ ಹೋಗಲು ಪಕ್ಕದಲ್ಲಿ ಕಿಂಡಿ ಬಿಡಿಸಿದೆವು. ತಗ್ಗು ತುಂಬಿಸಿ, ಎರಡೂವರೆ ಅಡಿ ಎತ್ತರಕ್ಕೆ ಕಡಪ ಕಲ್ಲಿನ ಕಟ್ಟೆ ಹಾಕಿಸಿ, ಅದನ್ನು ಗೂಡಿನಿಂದ ಆಚೆಗೂ ಚಾಚಿಸಿದೆವು. ಸ್ಟೌವು ಗೂಡಿನ ಒಳಗಲ್ಲ, ಬಾಯಲ್ಲಿ ಕೂತಿತು. ಒಲೆಯ ಮೇಲಿದ್ದ ಮರದ ಹಲಗೆಯನ್ನೂ ತೆಗೆಸಿದೆವು.

14.2 ಕಿಲೋ ಗ್ಯಾಸಿನ ಸಿಲಿಂಡರನ್ನು ಗೂಡಿಗೆ ಸೇರಿಸಲಿಲ್ಲ, ಕಟ್ಟೆಯ ಕೆಳಗೆ ಬಾಗಿಲು ಹಾಕಿ ಬಚ್ಚಿಡಲೂ ಇಲ್ಲ. ಪಕ್ಕದ ಗೋಡೆಗೆ, ತೆರೆದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದೆವು. ಸ್ಟೌವು ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ನೆಲದ ಮೇಲಿನ ಒಲೆಗೆ ಇದೇ ತಪ್ಪುತ್ತದೆ. ಹಿತ್ತಲ ಗೋಡೆಯಲ್ಲಿ, ನೆಲಕ್ಕೆ ಅಂಟಿದಂತೆ ಕಿಂಡಿ ಕೊರೆಸಿ ಜಾಲರಿ ಹಾಕಿಸಿದೆ. ಗೌಂಡಿಗೆ ನಗು. ಕಿಂಡಿ ಮೇಲಿರಬೇಕಲ್ಲವೇ ಅಕ್ಕಾರೇ ಎಂದ. ಹೊಗೆಗೆ ಮೇಲೆ, ಗ್ಯಾಸಿಗೆ ಕೆಳಗೆ ಎಂದೆ. ಜಾಲರಿ ಇಲಿಗಾಗಿ. ರಬ್ಬರ್ ನಳಿಗೆಯೆಂದರೆ ಅವಕ್ಕೆ ಬಲು ಪ್ರೀತಿ.

ಏಜೆನ್ಸಿಯ ಮೆಕ್ಯಾನಿಕ್ ಬಂದು ಕಿತ್ತಳೆ ಬಣ್ಣದ ಸುರಕ್ಷಾ ನಳಿಗೆ ಹಾಕಿದ. ಉದ್ದ ಒಂದೂವರೆ ಮೀಟರ್. ಉರಿಯ ಹಿಂದೆ ಹಾಯಿಸಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂದ. ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದ. ಕಡ್ಡಿ ಗೀರಿ ನೋಡುವ ಧೈರ್ಯವಂತರು ಇನ್ನೂ ಇದ್ದಾರೆ! ವಾಸನೆ ಬಂದರೆ ಲೈಟಿನ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಯನ್ನು ಮಗಳು ಮಾಡದ ಪಕ್ಕ ದೊಡ್ಡದಾಗಿ ಬರೆದಿದ್ದಾಳೆ.

ಹೊಗೆಯನ್ನು ಹೊರಗಟ್ಟಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆ ಅಸ್ತ್ರ ಒಲೆ ರೂಪಿಸಿದರು. 2016ರಲ್ಲಿ ಉಜ್ವಲಾ ಬಂದು ಹಳ್ಳಿಹಳ್ಳಿಗೆ ಸಿಲಿಂಡರ್ ಮುಟ್ಟಿತು. ಅದನ್ನು ಎಲ್ಲಿಡಬೇಕೆಂದು ಅಡುಗೆಮನೆಯ ಹೆಂಗಸಿಗೆ ಕುಳಿತು ಹೇಳಿದವರು ಕಡಿಮೆ.

ಅತ್ತೆಯವರ ಮಂಡಿಯ ಪ್ರಶ್ನೆಗೆ ಬಡಗಿ ಎತ್ತರದ ಸ್ಟೂಲು ಮಾಡಿಕೊಟ್ಟ. ಎಂಟು ದಿನ ಮುನಿಸು. ಒಂಬತ್ತನೆಯ ದಿನ ಸ್ಟೂಲಿನ ಮೇಲೆ ಕುಳಿತು, ಕಡಪ ಕಲ್ಲಿನ ಮೇಲೇ ರೊಟ್ಟಿ ತಟ್ಟಿದರು. ಕಲ್ಲು ನುಣುಪು, ಹಿಟ್ಟು ಕಡಿಮೆ ಸಾಕು ಎಂದರು. ಸ್ನಾನದ ನೀರಿಗೆ ಮಾತ್ರ ಹಿತ್ತಲ ಹಂಡೆ ಒಲೆ, ಜಾಲಿ ಕಟ್ಟಿಗೆಯೇ ಆಗಬೇಕು. ಅದಕ್ಕೆ ನನ್ನದೂ ತಕರಾರಿಲ್ಲ.