ಅಗಸಿ ಎಲ್ಲಿತ್ತು?

ನೆಂಟರು ಬಂದರೆ ಗಲಗಲಿಯ ನಮ್ಮ ಮನೆಯಿಂದ ಗಾಡಿ ಹೊರಡುವುದು ಒಂದೇ ದಿಕ್ಕಿಗೆ: ಬೀಳಗಿ, ಬಾಗಲಕೋಟೆ ದಾಟಿ ಬಾದಾಮಿ, ಪಟ್ಟದಕಲ್ಲು, ಐಹೊಳೆ. ರೊಟ್ಟಿಬುತ್ತಿ ಬಂತೆಂದು ಬಾದಾಮಿಯ ಮಂಗಗಳಿಗೆ ಮೊದಲೇ ಗೊತ್ತಾಗುತ್ತದೆ. ಐಹೊಳೆ ತಲುಪುವ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ, ದೊಡ್ಡವರು ಗಡಿಯಾರ ನೋಡತೊಡಗಿರುತ್ತಾರೆ. ನಾನು ಮಾತ್ರ ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ನಿಂತುಬಿಡುತ್ತೇನೆ. ಮಲಪ್ರಭಾ ಕಣಿವೆಯ ದೊಡ್ಡದೊಂದು ಮಾದರಿ ಅಲ್ಲಿದೆ. ಹೊಳೆ, ಗುಡ್ಡ, ಊರು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನಮ್ಮ ಮುಳುಗಡೆಯ ಊರುಗಳನ್ನೂ ಹೀಗೆ ಮಾಡಿಡಬೇಕು ಅನ್ನುವುದು ನನ್ನ ಹಟ.

ಆ ಊರುಗಳನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈಗ ನೀರು 519.60 ಮೀಟರ್‌ವರೆಗೆ ನಿಲ್ಲುತ್ತದೆ. ಅನಗವಾಡಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ನೆಂಟರು ಹಿನ್ನೀರಿನ ಫೋಟೊ ತೆಗೆಯುತ್ತಾರೆ. ನಿಜಕ್ಕೂ ಚೆಂದ ಕಾಣುತ್ತದೆ. ಮನೆ ಬಿಡುವಾಗ ಜನ ತೊಲೆ, ಜಂತಿ, ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಪುನರ್ವಸತಿ ಕೇಂದ್ರದ ಎಷ್ಟೋ ಮನೆಗಳ ಸಿಮೆಂಟು ಗೋಡೆಯಲ್ಲಿ ಇವತ್ತಿಗೂ ಹಳೆಯ ಸಾಗವಾನಿ ಚೌಕಟ್ಟು ಕೂತಿದೆ. ಮೇಲಿನ ಗಣಪತಿ ಎಣ್ಣೆ ಕುಂಕುಮಕ್ಕೆ ಕಪ್ಪಾಗಿದ್ದಾನೆ. ಹೊಸ್ತಿಲು ನಡುವೆ ಸವೆದಿದೆ. ಆ ಸವೆತ ಹಳೆಯ ಊರಿನ ಕಾಲುಗಳದು.

ಮುಳುಗಡೆಯವರಿಗೆ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ಓಣಿಯ ಹೆಸರು ಬರುವುದು ವಯಸ್ಸಾದವರ ಬಾಯಲ್ಲಿ ಮಾತ್ರ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು, ಪುಣ್ಯದ ಕೆಲಸ. ಎಲ್ಲ ಊರಿಗೂ ಗೋಡೆ ಕಟ್ಟಲಾಗದು, ಒಪ್ಪಿದೆ. ಹೆಸರು ಬರೆದಿಡುವುದಕ್ಕೆ ಏನಡ್ಡಿ?

ಐಹೊಳೆಯಲ್ಲೇ ಮೇಗುತಿ ಗುಡ್ಡ ಹತ್ತಿ ನೋಡಿ. ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಅಲ್ಲಿಯ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯ ಕೆತ್ತಿಸಿ, ಕೊನೆಗೆ ಕಾಳಿದಾಸ, ಭಾರವಿಯರ ಸಾಲಿಗೆ ತನ್ನನ್ನೂ ಸೇರಿಸಿಕೊಂಡ. ಜಂಬ ಅನ್ನುವವರು ಅನ್ನಲಿ. ಆ ಇಬ್ಬರು ಕವಿಗಳು 634ಕ್ಕಿಂತ ಹಿಂದಿನವರೆಂದು ವಿದ್ವಾಂಸರು ಗಟ್ಟಿಯಾಗಿ ಹೇಳುವುದು ಇದೇ ಗೋಡೆಯನ್ನು ನಂಬಿ. ಒಬ್ಬ ಬರೆಸಿಟ್ಟದ್ದರ ಬೆಲೆ ಇಷ್ಟು.

ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅಂದರೆ ಇನ್ನಷ್ಟು ಊರುಗಳು ನೀರಿನ ದಾರಿಯಲ್ಲಿವೆ. ಮಕ್ಕಳನ್ನು ಐಹೊಳೆ ಪ್ರವಾಸಕ್ಕೆ ಕರೆದೊಯ್ಯುವ ಮಾಸ್ತರರಲ್ಲಿ ಅದಕ್ಕೇ ಈ ವಿನಂತಿ: ಹೊರಡುವ ಮೊದಲು ಅಜ್ಜ, ಆಯಿಯ ಹತ್ತಿರ ಕೂತು ಊರಿನ ನಕ್ಷೆ ಬರೆದು ತರಲು ಹೇಳಿ. ಅಗಸಿ ಎಲ್ಲಿತ್ತು, ಕಾರಹುಣ್ಣಿವೆಗೆ ಕರಿ ಎಲ್ಲಿ ಹರಿಯುತ್ತಿದ್ದರು, ಹಗೇವು ಯಾರ ಮನೆಯ ಮುಂದಿತ್ತು, ಯಾವ ಓಣಿಗೆ ಏನು ಹೆಸರು. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಈ ವರ್ಷವೇ ಮಾಡಿಸಿ.